ಸದ್ದು ಮಾಡದ ಲೋಟ

ಕಣ್ಣು ಬಿಟ್ಟು ನೋಡಿದಾಗ ಮೇಜಿನ ನಡುವೆ ಇದ್ದದ್ದು ಖಾಲಿ ಡಬ್ಬಿ. ಅಸಲಿ ಮಾಣಿಕ್ಯದ ಉಂಗುರ ಮಾಯವಾಗಿತ್ತು!

ಫೋನಿನಲ್ಲಿ ತಮ್ಮ ಅಳುವುದೊಂದು ಬಾಕಿ. ಪೊಲೀಸ್ ಕೆಲಸದಿಂದ ನಿವೃತ್ತಳಾಗಿದ್ದ ಅಕ್ಕ ಅವನ ಮನೆಗೆ ಓಡಿ ಬಂದು ನೋಡಿದರೆ—ಕರಿ ಕನ್ನಡಕ ಹಾಕಿಕೊಂಡ ಮೂವರು ತಲೆ ನರೆತ ಗಂಡಸರು! ಒಬ್ಬ ವಕೀಲ, ಒಬ್ಬ ವಿಮೆ ಏಜೆಂಟ್, ಒಬ್ಬರು ಹಲ್ಲಿನ ಡಾಕ್ಟರು. ಗೂಢಚಾರರಾಗುವ ಆಟವಂತೆ. ಕಥೆ ಹೇಳುವವನು ತಮ್ಮ. ಉಳಿದವರು 'ಗೋಡೆ ಹತ್ತುತ್ತೇನೆ' ಎಂದು ಬಾಯಲ್ಲಿ ಹೇಳಿ, ಸ್ಟೀಲ್ ಲೋಟದಲ್ಲಿ ದಾಳ ಕುಲುಕಿ ಎಸೆಯುತ್ತಾರೆ. ದಾಳ ಒಲಿದರೆ ಗೋಡೆ ಹತ್ತಿದಂತೆ. ಈ ಮನೆಯ ಮೆಟ್ಟಿಲು ಹತ್ತಿದರೇ ಏದುಸಿರು ಬಿಡುವವರು! ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಎನ್ನುವ ಗಾದೆ ಇವರನ್ನು ನೋಡಿಯೇ ಹುಟ್ಟಿರಬೇಕು ಎನ್ನಿಸಿತು ಅಕ್ಕನಿಗೆ.

"ಉಂಗುರ ಯಾರದೋ?"

"ನನ್ನ ಹೆಂಡ್ತೀದು. ಅವಳಮ್ಮ ಸಾಯೋವಾಗ ಕೊಟ್ಟಿದ್ದು. ಆಟದಲ್ಲಿ ರಾಜಕುಮಾರಿ ಉಂಗುರ ಅಂತ... ಅಸಲೀದೇ ಇಡ್ತೀನಿ ಅಂತ ಇವರಿಗೆ ನಿನ್ನೇನೇ ಹೇಳಿದ್ದೆ."

"ಅವಳನ್ನ ಕೇಳಿ ತಂದ್ಯಾ?"

"ಇಲ್ಲ," ಎಂದ ತಮ್ಮ. "ಸಂಜೆ ಬರ್ತಾಳೆ. ಗೊತ್ತಾದ್ರೆ ಜನ್ಮದಲ್ಲಿ ನನ್ನ ಮುಖ ನೋಡಲ್ಲ ಅಕ್ಕಾ."

ಕಥೆಯಲ್ಲಿ ಕರೆಂಟು ಹೋಯಿತೆಂದು ಎಲ್ಲರೂ ಕಣ್ಣು ಮುಚ್ಚಿದ್ದರಂತೆ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ! ಯಾರೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಜೇಬು, ಬೂಟು, ಮೇಜಿನಡಿ—ಎಲ್ಲವನ್ನೂ ಹುಡುಕಿಯಾಗಿತ್ತು.

"ಆಗ ಎಲ್ಲಿದ್ರಿ?"

"ಸೇತುವೆ ಮೇಲೆ," ಎಂದ ವಕೀಲ.

"ನದೀಲಿ," ಎಂದ ಏಜೆಂಟ್.

"ಮುಳುಗಬಾರದಿತ್ತೇ? ಡಾಕ್ಟ್ರೇ, ನೀವು?"

"ಈ ಕುರ್ಚಿ ಮೇಲೇ ಇದ್ದೆ ಮೇಡಂ. ದೇವರಾಣೆ."

"ಸರಿ. ಆಟ ಮುಂದುವರಿಸಿ, ನೋಡೋಣ."

ವಕೀಲನ ಲೋಟ ಗಲಗಲ ಎಂದಿತು. ಏಜೆಂಟನದೂ ಅಷ್ಟೇ. ಡಾಕ್ಟರೂ ಕುಲುಕಿದರು, ದಾಳ ಮೇಜಿಗೆ ಬಿತ್ತು. ಅಕ್ಕ ಅವರ ಲೋಟ ಕಸಿದುಕೊಂಡು ಬೆರಳು ಹಾಕಿ ತಳ ಕೆದಕಿದಳು. ಒತ್ತಿ ತುರುಕಿದ ಹತ್ತಿ ಬಂತು. ಹತ್ತಿಯೊಳಗೆ ಉಂಗುರ!

"ಇದು... ಇದೂ ಆಟಾನೇ ಮೇಡಂ! ಕಥೇಲಿ ನಾನು ಎರಡೂ ಕಡೆಯ ಗೂಢಚಾರ."

"ಹೌದಾ? ಇವರಿಬ್ಬರೂ ಮುಠ್ಠಾಳರು, ನಾನು ಕೇಳಿದಾಗ್ಲೂ ಕಥೆ ಒಳಗೇ ಇದ್ರು. ಹೊರಗೆ ಬಂದು ಕೂತಿದ್ದೋರು ನೀವೊಬ್ರೇ. ಆಮೇಲೆ ಎರಡು ಲೋಟ ಗಲಗಲ ಅಂದ್ವು, ನಿಮ್ದು ಮೂಕ. ಈ ಆಟದಲ್ಲಿ ಕೆಮ್ಮೋಕೂ ಬಾಯಿಬಿಟ್ಟು ಹೇಳ್ಬೇಕಂತೆ. ಕದ್ದಿದ್ದನ್ನ ಮಾತ್ರ ಯಾಕೆ ಹೇಳ್ಲಿಲ್ಲ? ಆಸ್ಪತ್ರೆ ಹತ್ತಿ ಜೇಬಲ್ಲಿಟ್ಕೊಂಡು ಬಂದವರು ಆಟಕ್ಕೆ ಬಂದಿರ್ಲಿಲ್ಲ, ಕಳ್ಳತನಕ್ಕೇ ಬಂದಿದ್ದು. ಆ ಕನ್ನಡಕ ತೆಗೀರಿ. ಸ್ಟೇಷನ್ನಲ್ಲಿ ಬೆಳಕು ಕಮ್ಮಿ."

ಹೊರಗೆ ಗೇಟು ಕಿರುಗುಟ್ಟಿತು. ತಮ್ಮನ ಕೈ ಉಂಗುರದತ್ತ ಚಾಚಿತು. "ಕೊಡಕ್ಕಾ, ಬೀರುವಿನಲ್ಲಿಟ್ಟು ಬಿಡ್ತೀನಿ. ಅವಳಿಗೆ ಗೊತ್ತೇ ಆಗಲ್ಲ."

ಅಕ್ಕ ಉಂಗುರ ಕೊಟ್ಟಳು. ಕೊಟ್ಟು, ಬೀರುವಿಗೆ ಬೆನ್ನು ಕೊಟ್ಟು ನಿಂತಳು.

"ನಿಮ್ಮ ಆಟದ ನಿಯಮಾನೇ ಅಲ್ವೇನೋ? ಮಾಡಿದ್ದನ್ನ ಬಾಯಿಬಿಟ್ಟು ಹೇಳು. ಬಾಗಿಲಿಗೆ ಬಂದ್ಲು, ಹೋಗು."