ಏಳನೇ ಪೆಟ್ಟಿಗೆ

ರಾತ್ರಿ ಹನ್ನೊಂದು ನಲವತ್ತಕ್ಕೆ ಸಂಸ್ಥೆಯ ಬಡಗಿಶಾಲೆಯಿಂದ ಕಿರ್ ಎಂದು ಸಣ್ಣ ಸದ್ದು ಬಂತು. ಬೆಳಿಗ್ಗೆ ನೋಡಿದರೆ ಏಳು ಪೆಟ್ಟಿಗೆಗಳಲ್ಲಿ ಒಂದಿಲ್ಲ. ಆ ಸಂಸ್ಥೆ ನಡೆಸುವ ಮನೋವಿಶ್ಲೇಷಕ ಡಾಕ್ಟರ್ ಲೋವಾಸ್ ಕೊಟ್ಟ ದೂರು ಇಷ್ಟೇ. ೧೯೫೬ರ ಜೂನ್ ೧೪, ಗುರುವಾರ. ಅಮೆರಿಕದ ಮೇನ್ ರಾಜ್ಯದ ಒಂದು ಸರೋವರದ ಊರಿನ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಲೂಸಿಯನ್ ಡೇಗಲ್ ಎಫ್‌ಐಆರ್ ಬರೆದುಕೊಂಡ.

"ಒಳಗೆ ಕೂತರೆ ಮೈಗೆ ಆಕಾಶದ ಶಕ್ತಿ ಇಳಿಯುತ್ತೆ ಅಂತೀರಲ್ಲ, ಅದೇ ಪೆಟ್ಟಿಗೇನಾ?"

"ನಗಬೇಡಿ. ಇವುಗಳಿಂದ ರೋಗ ವಾಸಿಯಾಗೋಲ್ಲ ಅಂತ ತೀರ್ಪು ಬಂದಿದೆ, ನಾಳೆ ಕೋರ್ಟಿನವರು ಬಂದು ಏಳನ್ನೂ ನಾಶ ಮಾಡಿಸ್ತಾರೆ. ಆರೇ ಇದ್ದರೆ, ಒಂದನ್ನ ಬಚ್ಚಿಟ್ಟೆ ಅಂತ ನನ್ನನ್ನ ಜೈಲಿಗೆ ಹಾಕ್ತಾರೆ."

ಹತ್ತೂ ಕಾಲಿಗೆ ಸ್ಥಳ ಪಂಚನಾಮೆ. ಬೀಗ ಒಡೆದಿರಲಿಲ್ಲ. ನೆಲದ ಧೂಳಿನಲ್ಲಿ ಪೆಟ್ಟಿಗೆ ನಿಂತಿದ್ದ ಚೌಕ, ಉಳಿದವುಗಳಿಗಿಂತ ಚಿಕ್ಕದು. ಎರಡು ಹಲಗೆಗಳ ನಡುವೆ ಉಕ್ಕಿನ ತಗಡು, ಉಣ್ಣೆ, ಮತ್ತೆ ತಗಡು ಇಟ್ಟು ಮುಚ್ಚಿದ ಪೆಟ್ಟಿಗೆಗಳು. ತಗಡು ಮೈಗೆ ಹತ್ತಿರವಿರಬೇಕೆಂದು ಒಂದೊಂದನ್ನೂ ಕೂರುವವರ ಅಳತೆಗೇ ಮಾಡುತ್ತಿದ್ದರು.

"ಇಷ್ಟು ಸಣ್ಣದು ಯಾರದು?"

"ತಿರ್ಜಾಳದು. ನಮ್ಮ ಬಡಗಿ ಹಾರ್ಲನ್‌ನ ತಂಗಿ. ಗಂಡ ಸರೋವರದಲ್ಲಿ ಮುಳುಗಿದ ಮೇಲೆ ಹನ್ನೊಂದು ತಿಂಗಳು ನಿದ್ದೆಯಿಲ್ಲ, ಮಾತಿಲ್ಲ. ಇದರಲ್ಲಿ ಕೂತ ಮೇಲೆ ಎರಡೂ ಬಂತು."

ಇನ್ನೊಂದು ಬೀಗದ ಕೈ ಹಾರ್ಲನ್‌ನ ಬಳಿಯೇ ಇತ್ತು. ಒಂದೂವರೆಗೆ ಡೇಗಲ್ ಅವನ ಕೊಟ್ಟಿಗೆಗೆ ಹೋದ. ಮೂಲೆಯಲ್ಲಿ ಉಬ್ಬಿದ್ದ ಹುಲ್ಲಿನ ರಾಶಿಯತ್ತ ಅವನು ನೋಡುತ್ತಿದ್ದಂತೆ ಹಾರ್ಲನ್ ಅಂದ:

"ಹುಲ್ಲಿನಡಿ ಹಸು ಮಲಗಿದೆ, ಲೂಸಿಯನ್."

"ನಿನ್ನ ಹಸುಗೆ ನಾಲ್ಕು ಮೂಲೆ ಇದೆಯಲ್ಲೋ ಮಾರಾಯ. ತಂಗಿಗೆ ಇನ್ನೂ ಬೇಕಾ ಇದು?"

"ಬೇಡ. ಬೇಕರಿ ಕೆಲಸಕ್ಕೆ ಹೋಗ್ತಾಳೆ ಈಗ."

"ಮತ್ತೆ ಯಾಕೆ ಕದ್ದೆ?"

ಹಾರ್ಲನ್ ಟೋಪಿ ತೆಗೆದ. "ಒಡೆದರೆ ಒಳಗಿರೋದು ಕಾಣುತ್ತೆ. ಆ ಚಳಿಗಾಲ ತಗಡು ಬಂದಿರಲಿಲ್ಲ, ಡಾಕ್ಟರೂ ಊರಲ್ಲಿರಲಿಲ್ಲ. ಇವಳು ದಿನಾ ನೀರಿನ ಕಡೆ ನಡೀತಿದ್ದಳು. ಬರೀ ಉಣ್ಣೆ ತುಂಬಿ ಮುಚ್ಚಿಬಿಟ್ಟೆ. ನಾಳೆ ಅವಳೂ ನೋಡೋಕೆ ಬರ್ತಾಳೆ. ಮೋಸ ಅಂತ ಗೊತ್ತಾದರೆ ಮತ್ತೆ ನೀರಿನ ದಾರಿ ಹಿಡಿದಾಳು."

ಎರಡು ಗಂಟೆ ಹತ್ತು ನಿಮಿಷಕ್ಕೆ ಬಂಧನ. ಪೆಟ್ಟಿಗೆ ಜಪ್ತಿ.

ಶುಕ್ರವಾರ ಮಧ್ಯಾಹ್ನ ಸಂಸ್ಥೆಯ ಅಂಗಳದಲ್ಲಿ ಏಳೂ ಪೆಟ್ಟಿಗೆಗಳ ಮುಂದೆ ಕೋರ್ಟಿನವರು ಕೊಡಲಿ ಎತ್ತಿದಾಗ ಡೇಗಲ್ ಅಡ್ಡ ಬಂದ.

"ಒಡೆದು ಯಾಕೆ ಬೆವರು ಸುರಿಸ್ತೀರಿ? ಹಾಗೇ ಸುಡಿ. ಆದೇಶದಲ್ಲಿ 'ನಾಶ' ಅಂತಷ್ಟೇ ಇದೆ."

ನಾಲ್ಕರ ಹೊತ್ತಿಗೆ ಆರು ರಾಶಿಗಳಲ್ಲಿ ಸೊಟ್ಟಗಾದ ತಗಡುಗಳು ಉಳಿದವು. ಏಳನೆಯದು ಬರೀ ಬೂದಿ. ಕೋರ್ಟಿನವರು ವ್ಯಾನು ಹತ್ತಿದ ಮೇಲೆ ಡೇಗಲ್ ಕುಂಟೆಯಿಂದ ಪಕ್ಕದ ರಾಶಿಯ ಎರಡು ತಗಡುಗಳನ್ನು ಅದರ ಮೇಲೆ ಎಳೆದ.

ಬೇಲಿಯಾಚೆ ಹೊಗೆಗೆ ಮುಖ ತಿರುಗಿಸಿ ನಿಂತಿದ್ದ ತಿರ್ಜಾ ಆಮೇಲೆ ಒಳಗೆ ಬಂದಳು. "ನಂದು ಯಾವುದು?"

ಅವನು ತೋರಿಸಿದ. ಅವಳು ಬಗ್ಗಿ ತಗಡಿನ ಮೇಲೆ ಅಂಗೈ ಹಿಡಿದಳು.

"ಇನ್ನೂ ಬಿಸಿ ಇದೆ," ಎಂದಳು, ಸಮಾಧಾನದಿಂದ.

ಠಾಣೆಯಲ್ಲಿ ಡೇಗಲ್ ಕಳವಿನ ಕಾರಣ ಬರೆದ: ತಂಗಿಯ ಮೇಲಿನ ಮಮತೆ. ಅಷ್ಟು ನಿಜ. ಉಳಿದದ್ದನ್ನು ಯಾರಿಗೂ, ಡಾಕ್ಟರಿಗೂ, ಹೇಳುವುದಿಲ್ಲವೆಂದು ತೀರ್ಮಾನಿಸಿ ಪೆನ್ನಿಗೆ ಮುಚ್ಚಳ ಹಾಕಿದ.