ಹೊರಗಿನ ಚಿಲಕ

ಮಲ್ಲಣ್ಣ ಇಡೀ ಕ್ಲಾಸಿನ ಎದುರಿಗೆ ನನಗ ಬೈದ. ಅಲ್ಲಿಂದ ಶುರುವಾಯ್ತು ನೋಡ್ರಿ ಇದೆಲ್ಲಾ.

ತೊಂಬತ್ತೊಂಬತ್ತನೇ ಇಸ್ವಿ. ಸೇಡಂ ರಸ್ತೇದಾಗ ಒಂದು ಆಸ್ಪತ್ರಿ ಹಿಂದಿನ ಹಾಲ್‌ನ್ಯಾಗ ನಮ್ಮ ಟ್ರೇನಿಂಗ್ ನಡದಿತ್ತು. ಮಾನಸಿಕ ಜಡ್ಡಿನಿಂದ ಚೇತರಿಸಿಕೊಂಡವರು ಮತ್ತ ಮನಿ, ಮಂದಿ, ಕೆಲಸಕ್ಕ ಹೊಂದಿಕೊಳ್ಳಾಕ ಹೆಂಗ ಜೊತಿಗಿರಬೇಕು ಅಂತ ನಮಗ ಕಲಿಸ್ತಿದ್ದರು. ಆವತ್ತು ನಾಟಕ ಮಾಡಿ ಕಲಿಯೋ ದಿನ. ನಾನು ಮಗಳನ್ನ ಕೋಣ್ಯಾಗ ಕೂಡಿಹಾಕಿದ ತಾಯಿ, ಮಲ್ಲಣ್ಣ ಮನಿಗೆ ಬಂದ ಕಾರ್ಯಕರ್ತ.

"ಮಂದಿ ಬಂದಾಗ ಚಿಲಕಾ ಹಾಕಿದ್ರ ಏನಾಯ್ತ್ರೀ? ಸ್ವಲ್ಪ ಹೊತ್ತಷ್ಟ," ಅಂದೆ ನಾನು.

"ಅಕೀ ಜಡ್ಡಿಗೆ ಗುಳಿಗಿ ಅದಾವ್ರೀ ಅವ್ವಾ. ನಿಮ್ಮ ನಾಚಿಕಿಗೆ ಯಾವ ಗುಳಿಗಿ ಕೊಡ್ಲಿ?"

ಅವನ ಧ್ವನಿ ಏರಿತ್ತು. ನಾಟಕ ಅನ್ನೋದು ಮರ್ತೇಬಿಟ್ಟಿದ್ದ ಮನುಷ್ಯಾ. ನನಗ ಮೈ ಉರೀತು. ಹೊರಗ ಚಹಾದ ಅಂಗಡಿ ಮುಂದ ಹಿಡಿದು ಕೇಳಿದೆ, "ಏನ್ರೀ, ನಾ ಖರೇನ ನಿಮ್ಮವ್ವ ಏನು, ಹಂಗ ಬೈಯಾಕ?"

ಅಂವ ತಲಿ ಕೆಳಗ ಹಾಕಿದ. "ಕಮಲಾಪುರದಾಗ ನಮ್ಮ ಅಕ್ಕ ಅದಾಳ್ರೀ, ಸಾಬಮ್ಮ. ಅಕೀಗಿ ಜಡ್ಡು ಬಂದಾಗ ನಮ್ಮ ಮನ್ಯಾಗ ಹಿಂಗ ಕೂಡಿಹಾಕಿದ್ರು. ನಿಮ್ಮ ಮಾತು ಥೇಟ್ ನಮ್ಮವ್ವಂದ ಆಗಿತ್ತು." ಆಮ್ಯಾಲ ಮೆಲ್ಲಕ ಕಣ್ಣೆತ್ತಿ, "ಕಣ್ಣು ಮಾತ್ರ ಅವ್ವಂದಲ್ಲ ಬಿಡ್ರಿ," ಅಂದ.

ನೋಡ್ರಿ ಸೊಕ್ಕು! ನಾ ಮಾರಿ ಆ ಕಡೆ ತಿರುಗಿಸಿದೆ. ಕಿವಿ ಸುಡಾಕತ್ತಿದ್ದವು.

ಆಮ್ಯಾಲ ದಿನಾ ಜಗಳ. ಅಂವ ಬರಿಯೋದು ಬಿಟ್ಟು ನನ್ನ ಕಡೆ ನೋಡೋದು, ನಾ ಕಣ್ಣು ಕೆಕ್ಕರಿಸೋದು, ಅಂವ ತುಟಿ ಕಚ್ಚಿ ನಗೋದು. ಅಂವ ಬರದಿದ್ದ ದಿನ ನನಗ ಅನ್ನ ಸೇರ್ತಿರಲಿಲ್ಲ. ಅದಕ್ಕೂ ಅವನ ಮ್ಯಾಲೇ ಸಿಟ್ಟು.

"ನಿಮ್ಮ ಹಿರ್ಯಾರನ್ನ ಮನಿ ನೋಡಾಕ ಕಳಸ್ತೀರೇನು, ಜಗದೇವಿ?" ಅಂತ ಒಂದಿನ ಕೇಳೇಬಿಟ್ಟ.

"ಕಳಸ್ತೀನಿ. ಆದ್ರ ಅಕ್ಕನ್ನ ನಡುಮನ್ಯಾಗ ಎಲ್ಲಾರ ಕೂಡ ಕೂಡಸ್ರಿ. ನಾನೂ ಬರ್ತೀನಿ, ನಮ್ಮ ಕಾಕಾ ಏನರ ಅಂದ್ರ ನಾ ಮಾತಾಡ್ತೀನಿ."

"ಆಯ್ತ್ರೀ," ಅಂದ.

ಅಪ್ಪ ಇಲ್ಲದ ನಮ್ಮನಿಗೆ ನೆಹರು ಗಂಜ್‌ನ್ಯಾಗ ಬ್ಯಾಳಿ ವ್ಯಾಪಾರ ಮಾಡೋ ಗುರುಪಾದಪ್ಪ ಕಾಕಾನೇ ಹಿರಿಯ. ವರನ ಮನಿ ನೋಡಾಕ ಹೆಣ್ಣನ್ನ ಕರ್ಕೊಂಡು ಹೋಗಂಗಿಲ್ಲ ನಮ್ಮಲ್ಲಿ. ನಾ ಹಟಾ ಮಾಡಿ ಬಸ್ ಹತ್ತಿದೆ.

ಕಮಲಾಪುರದ ಆ ನಡುಮನ್ಯಾಗ ಜಮಖಾನಿ ಹಾಸಿತ್ತು, ತಾಟಿನ್ಯಾಗ ಕೆಂಪು ಬಾಳಿಹಣ್ಣು ಇದ್ದವು, ಅವರವ್ವ ಇದ್ದಳು. ಸಾಬಮ್ಮ ಇರಲಿಲ್ಲ.

"ಮನ್ಯಾಗ ಎಷ್ಟು ಮಂದಿ ಅದೀರಿ?" ಕಾಕಾ ಕೇಳಿದ.

"ನಾನು, ಅವ್ವ. ಇಬ್ಬರ್ರೀ," ಅಂದ ಮಲ್ಲಣ್ಣ. ನನ್ನ ಕಡೆ ನೋಡಲೇ ಇಲ್ಲ.

ಕೈ ತೊಳಿಯೋ ನೆವ ಮಾಡಿ ಹಿತ್ತಲಕಡೆ ಹೋದೆ. ಅಲ್ಲೊಂದು ಕೋಣಿ. ಹೊರಗಿಂದ ಚಿಲಕಾ. ಒಳಗ ಯಾರೋ ಕೆಮ್ಮಿದರು.

ತಗದು ನೋಡ್ತೀನಿ, ಹೊಸಾ ಇಳಕಲ್ ಸೀರಿ ಉಟ್ಟು, ಹೆರಳು ಹಾಕ್ಕೊಂಡು, ಜೋಳದ ಚೀಲದ ಮ್ಯಾಲ ಸಾಬಮ್ಮ ಕುಂತಾಳ.

"ಜಗದೇವಿ ಹೌದಲ್ಲ ನೀ? ನಿನ್ನ ನೋಡಬೇಕಂತ ಮುಂಜಾನಿಂದ ತಯಾರಾಗಿ ಕುಂತೀನವ್ವ. ಬಸ್ಸಿನ ಸಪ್ಪಳ ಕೇಳಿದ್ದೇ ತಡ, ತಮ್ಮ ಬಂದು ಬಾಗಿಲಾ ಹಾಕಿದ."

ಕಣ್ಣಾಗ ನೀರೂ ಬಂತು, ಬೆಂಕಿನೂ ಬಂತು. ಅಕೀ ಕೈ ಹಿಡ್ಕೊಂಡು ನಡುಮನಿಗೆ ಬಂದೆ.

"ಎಷ್ಟು ಮಂದಿ ಅಂದ್ರಿ, ಮಲ್ಲಣ್ಣ? ಮತ್ತೊಮ್ಮೆ ಹೇಳ್ರಿ!"

ಅವನ ಮಾರಿ ಬಿಳಚಿಕೊಂಡಿತ್ತು. "ನಿಮ್ಮನ್ನ ಕಳ್ಕೋತೀನಿ ಅಂತ ಹೆದರಿಕಿ ಆಯ್ತ್ರೀ."

"ಹೆದರಿಕಿ ನಿಮಗ, ಕತ್ತಲಿ ಅಕೀಗಿ? ನಾಚಿಕಿಗೆ ಯಾವ ಗುಳಿಗಿ ಅಂತ ಕೇಳಿದವರು ನೀವ ಅಲ್ಲೇನು? ನಾಟಕದಾಗ ಚಿಲಕಾ ಹಾಕಿದ್ದಕ್ಕ ನಾ ಬೈಸ್ಕೊಂಡೆ, ನೀವು ಖರೇನ ಹಾಕಿದ್ರಿ! ಆವತ್ತಿನ ನಿಮ್ಮ ಸಿಟ್ಟು ನೋಡಿ ಮನಸು ಕೊಟ್ಟೀನ್ರೀ ನಾನು. ಅದೂ ಸುಳ್ಳೇನು?"

ಕಾಕಾ ಹೆಗಲ ಮ್ಯಾಲಿನ ವಸ್ತ್ರ ಝಾಡಿಸಿ ಎದ್ದ. "ನಡಿ. ತಲಿ ಕೆಟ್ಟವರಿರೋ ಮನಿಗೆ ಹೆಣ್ಣು ಕೊಡಂಗಿಲ್ಲ."

"ನಿಲ್ಲು ಕಾಕಾ! ಅಕ್ಕನ ಸಲುವಾಗಿ ನಾ ಈ ಮನಿ ಬಿಡಂಗಿಲ್ಲ. ಬಿಟ್ರ ಇವರ ಸಲುವಾಗಿ ಬಿಡ್ತೀನಿ."

ಆಗ ಮಲ್ಲಣ್ಣ ಕಾಕಾನ ಎದುರಿಗೆ ಬಂದು ನಿಂತ. "ಮೂರು ಮಂದಿ ಅದೀವ್ರೀ. ಅಕ್ಕಗ ಜಡ್ಡು ಬಂದಿತ್ತು. ಈಗ ಆರಾಮದಾಳ, ಗುಳಿಗಿ ತಗೋತಾಳ. ಕಡೀತನಕ ನನ್ನ ಕೂಡೇ ಇರ್ತಾಳ. ಹೆಣ್ಣು ಕೊಡ್ರಿ, ಬಿಡ್ರಿ, ಸುಳ್ಳು ಮಾತ್ರ ಮತ್ತ ಹೇಳಂಗಿಲ್ಲ." ತಿರುಗಿ ಅಕ್ಕನ ಕಾಲು ಹಿಡಿದ. "ತಪ್ಪಾಯ್ತಕ್ಕಾ."

"ಮೊದಲು ತಾಟು ಹಾಕೋ, ಖೋಡಿ," ಅಂದಳು ಸಾಬಮ್ಮ. "ಹಸಿದು ಸಾಯಾಕತ್ತೀನಿ."

ಕಾಕಾ ಹೊರಗ ಕಟ್ಟಿ ಮ್ಯಾಲ ಹೋಗಿ ಕುಂತ. ಗೊಣಗಾಕತ್ತಿದ್ದ, ಆದ್ರ ಬಸ್‌ಸ್ಟ್ಯಾಂಡಿನ ಕಡೆ ಹೋಗಲಿಲ್ಲ.

ಅಕ್ಕನ ಬಾಜೂಕ ನಾನೂ ಉಣ್ಣಾಕ ಕುಂತೆ. ಮಲ್ಲಣ್ಣ ಹೋಳಿಗಿ ಬಡಿಸಾಕತ್ತಿದ್ದ. ತಾಟಿಗೆ ಹಾಕೋ ತುಪ್ಪ ನೆಲಕ್ಕ ಚೆಲ್ಲಿದ, ಕಣ್ಣು ತುಂಬಿದ್ದವು. ನನಗ ಅವನ್ನ ಹೊಡಿಬೇಕನಸ್ತು, ಆ ಕಣ್ಣು ಒರಸಬೇಕನಸ್ತು.

"ಸಿಟ್ಟು ಇಳೀತೇನ?" ಸಾಬಮ್ಮ ಕೇಳಿದಳು.

"ಇಲ್ಲಕ್ಕಾ."

"ನಂದೂ ಇಳಿದಿಲ್ಲ. ಆದ್ರೂ ಇವನ್ನ ಲಗ್ನಾ ಮಾಡ್ಕೋತಿ?"

ಮಲ್ಲಣ್ಣ ತುಪ್ಪದ ಗಿಂಡಿ ಹಿಡ್ಕೊಂಡು ಅಲ್ಲೇ ನಿಂತ. ನಾ ಅವನ ಮಾರಿನ ನೋಡಿದೆ, ಹೊತ್ತು ತಗೊಂಡು ನೋಡಿದೆ.

"ಮಾಡ್ಕೋತೀನಿ," ಅಂದೆ, ಹಲ್ಲು ಕಚ್ಚಿ. "ಕಾಕಾ ಹೂಂ ಅನ್ನಲಿ, ಬಿಡಲಿ."

ಸಾಬಮ್ಮ ತನ್ನ ತಾಟಿನ ಹೋಳಿಗಿ ಅರ್ಧ ಮುರಿದು ನನ್ನ ತಾಟಿಗೆ ಹಾಕಿದಳು.

"ಮಾಡ್ಕೋ. ಆದ್ರ ಈ ಸಿಟ್ಟು ತವರಿನ್ಯಾಗ ಬಿಟ್ಟು ಬರಬ್ಯಾಡವ್ವ. ಇಲ್ಲಿ ಬೇಕಾಗ್ತದ."