ಬೆಟ್ಟದ ರಸ್ತೆಗೆ ಮುಂದಿನ ಸೀಟು

"ಬೆಟ್ಟದ ರಸ್ತೆಗೆ ಒಂದು ಪ್ಲಾನ್ ಬೇಕಿತ್ತು. ಇಬ್ಬರಿಗೆ."

ಆ ದನಿ ಕೇಳಿದ್ದೇ ಟ್ರಾವೆಲ್ ಆಫೀಸಿನ ಹುಡುಗಿಯ ಎದೆ ಧಸಕ್ಕೆಂದಿತು!

ಮುಖ ಹೊಸದು, ದನಿ ಹಳೆಯದು. ಬೆಟ್ಟದ ರಸ್ತೆಯ ಉಸ್ತುವಾರಿ ಅವನದು. ಎಲ್ಲಿ ಮಣ್ಣು ಕುಸಿದಿದೆ, ಎಲ್ಲಿ ದಾರಿ ತೆರೆದಿದೆ ಅಂತ ದಿನಾ ಬೆಳಿಗ್ಗೆ ಫೋನಿನಲ್ಲಿ ಹೇಳುವುದು ಅವನ ಕೆಲಸ, ಬರೆದುಕೊಳ್ಳುವುದು ಇವಳ ಕೆಲಸ. ಎರಡು ಮಾತಲ್ಲಿ ಮುಗಿಯಬೇಕಾದದ್ದು ಈಚೆಗೆ ಟೀ ಆರಿಹೋಗುವ ತನಕ ಬೆಳೆಯುತ್ತಿತ್ತು. ಅದನ್ನು ಪ್ರೀತಿ ಅಂದುಕೊಂಡವಳು ತಾನೊಬ್ಬಳೇ ಅಂತ ಇವಳ ನಂಬಿಕೆ.

"ಯಾರಿಬ್ಬರು?" ಎಂದಳು, ಕಂಪ್ಯೂಟರ್ ಕಡೆ ತಿರುಗಿ.

"ನಾನು, ಮತ್ತೆ... ಒಬ್ಬರು. ಮದುವೆ ಆಗ್ತೀರಾ ಅಂತ ಕೇಳ್ಬೇಕು ಅವರನ್ನ. ಮೇಲೆ, ತುದೀಲಿ."

ಓಹೋ! ಹಾಗಾದ್ರೆ ನಾನು ಇಷ್ಟು ದಿನ ಮಣ್ಣು ಕುಸಿದದ್ದು ಬರ್ಕೊಳ್ಳೋಕೆ ಮಾತ್ರ...

"ಹೇಳಿ, ಏನೇನು ಬೇಕು?"

"ಅವರಿಗೆ ಮುಂದಿನ ಸೀಟೇ ಆಗ್ಬೇಕು. ಕಿಟಕಿ ತೆರೆದಿರ್ಬೇಕು. ನಾಲ್ಕು ತಿರುವಿಗೊಂದ್ಸಲ ಇಳಿದು ಓಡಾಡೋಕೆ ಜಾಗ."

"ಅಷ್ಟು ಸಲ ನಿಂತ್ರೆ ತುದಿ ಸೇರೋದು ಯಾವಾಗ?"

"ಸೇರ್ದಾಗ ಸೇರ್ತೀವಿ. ನನಗೇನೂ ಅವಸರ ಇಲ್ಲ."

ಭಾರೀ ನಾಜೂಕಿನ ಮಹಾರಾಣಿ! ಹೊಟ್ಟೆಕಿಚ್ಚಿಗೆ ಇವಳ ಕಿವಿ ಬಿಸಿಯಾಯಿತು. ಆದರೂ ಕೆಲಸ ಕೆಲಸವೇ. ನಕ್ಷೆ ಹರಡಿ, ನೆರಳಿರುವ ಕಡೆಯೆಲ್ಲ ಗುರುತು ಹಾಕತೊಡಗಿದಳು. ಕಣ್ಣು ತುಂಬಿ ಬಂದು ತಿರುವುಗಳೆಲ್ಲ ಕಲಸಿಹೋದವು.

ಪಕ್ಕದ ಟೇಬಲ್ಲಿನ ಕ್ಯಾಷಿಯರ್ ಅಕ್ಕ ಸುಮ್ಮನಿರಬೇಕಲ್ಲ! "ಅಲ್ಲಪ್ಪಾ, ನೀನು ಆ ಫೋನಿನವನೇ ತಾನೆ? ಆ ರಸ್ತೆಯ ಕಲ್ಲು ಕಲ್ಲೂ ನಿನಗೆ ಗೊತ್ತು. ಪ್ಲಾನ್ ಇವಳ್ಯಾಕೆ ಮಾಡ್ಬೇಕು?"

ಅವನು ತಬ್ಬಿಬ್ಬಾದ. "ರಸ್ತೆ ಗೊತ್ತು ಅಕ್ಕಾ. ಎಷ್ಟು ತಿರುವಿಗೆ ಹೊಟ್ಟೆ ತೊಳಸುತ್ತೆ ಅನ್ನೋದು ಅವರಿಗೇ ಗೊತ್ತು. ಊರಿನವರನ್ನೆಲ್ಲ ಆ ಬೆಟ್ಟಕ್ಕೆ ಕಳಿಸ್ತಾರೆ, ವಾಂತಿ ಭಯಕ್ಕೆ ತಾವು ಮಾತ್ರ ಒಂದು ಸಲವೂ ಹತ್ತಿಲ್ಲ."

ಪೆನ್ನು ನಿಂತಿತು. ಆ ಮಾತನ್ನು ಇವಳು ಒಬ್ಬನಿಗೇ ಹೇಳಿದ್ದಳು. ಫೋನಿನಲ್ಲಿ, ನಗುತ್ತಾ.

ಅಯ್ಯೋ, ಆ ಮಹಾರಾಣಿ ನಾನೇನಾ?!

"ತಪ್ಪಾಯ್ತಾ?" ಅವನ ದನಿ ಸಣ್ಣದಾಯಿತು. "ಬೇಡ ಅಂದ್ರೂ ನಾಳೆ ಫೋನ್ ಮಾಡ್ತೀನಿ... ರಸ್ತೆ ವಿಷಯಕ್ಕೆ ಮಾತ್ರ."

ಅವಳು ನಕ್ಷೆಯನ್ನು ಅವನ ಕಡೆ ತಳ್ಳಿದಳು. "ನಾಲ್ಕಕ್ಕೆ ನಿಲ್ಲಿಸಿದ್ರೆ ಆಗಲ್ಲ. ಮೂರು ತಿರುವಿಗೊಂದ್ಸಲ ನಿಲ್ಲಿಸ್ಬೇಕು."

"ಎರಡಕ್ಕೇ ನಿಲ್ಲಿಸ್ತೀನಿ."

"ಆದ್ರೂ ವಾಂತಿ ಆದ್ರೆ?"

"ನೀರಿನ ಬಾಟಲ್ ಹಿಡ್ಕೊಂಡು ಪಕ್ಕದಲ್ಲೇ ನಿಂತಿರ್ತೀನಿ."

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಹಾಗಾದ್ರೆ ಈಗ್ಲೇ ಕೇಳಿಬಿಡಿ. ತುದಿ ಮುಟ್ಟೋ ಹೊತ್ತಿಗೆ ಉತ್ತರ ಕೊಡೋ ಸ್ಥಿತೀಲಿ ಇರ್ತೀನೋ ಇಲ್ವೋ!"

"ಮದುವೆ... ಆಗ್ತೀರಾ?"

"ಹೂಂ. ಆದ್ರೆ ಕಿಟಕಿ ತೆರೆದೇ ಇರ್ಲಿ."